ಹಿಂದಿನ ಗೋಡೆಯ ಬಳ್ಳಿ

ಮಾರ್ಚ್ 3

ಮಗಳಿಗೆ,

ನಾನು ಸತ್ತು ಎಷ್ಟು ವರ್ಷವಾಯಿತು ಎಂದು ನಿನ್ನನ್ನೇ ಕೇಳೋಣ ಅಂತ ಈ ಕಾಗದ ಬರೆಯುತ್ತಿದ್ದೇನೆ. ದಿನ, ವಾರ ತಿಳಿಸಿದರೆ ನಾನೂ ನನಗಾಗಿ ಎರಡು ಹನಿ ಕಣ್ಣೀರು ಹಾಕುತ್ತೇನೆ.

ಪಕ್ಕದ ಮನೆಯ ಟೈಲರಮ್ಮ ತನ್ನ ತಂಗಿಯನ್ನು ನೋಡಲು ನಿಮ್ಮ ಊರಿಗೆ ಹೋಗಿದ್ದಳು. ಬರುವಾಗ ನಿನ್ನ ಅಂಗಡಿಯಿಂದ ಒಂದು ಬಾಟಲಿ ಪ್ಯಾಷನ್ ಫ್ರೂಟ್ ಶರಬತ್ತು ತಂದಳು. ಕೈಚೀಲದಿಂದ ಅದನ್ನು ತೆಗೆಯುವುದಕ್ಕೇ ಕಾಲು ಗಂಟೆ ಮಾಡಿದಳು. "ತೋರಿಸ್ಬೇಕೋ ಬೇಡ್ವೋ ಅಂತ ಬಸ್ಸಲ್ಲಿ ಕೂತು ಒದ್ದಾಡ್ಬಿಟ್ಟೆ ಕಣ್ರೀ" ಎಂದಳು. ಬಾಟಲಿಯ ಮೇಲೆ ಒಬ್ಬಳು ಮುದುಕಿಯ ಚಿತ್ರ. ಬೆನ್ನು ಬಾಗಿದೆ, ಬಾಯಲ್ಲಿ ಹಲ್ಲಿಲ್ಲ. ಕೆಳಗೆ ಅಚ್ಚು ಹಾಕಿಸಿದ್ದೀಯ: "ನಮ್ಮನ್ನು ಅಗಲಿದ ಅಮ್ಮನ ಕೈಯಳತೆ, ಅಪ್ಪ ನೆಟ್ಟ ಬಳ್ಳಿ."

ನನಗೆ ಐವತ್ತಾರು. ಹಲ್ಲೆಲ್ಲ ಗಟ್ಟಿಯಾಗಿವೆ. ನಂಬಿಕೆ ಇಲ್ಲದಿದ್ದರೆ ಬಂದು ಬೆರಳು ಕೊಟ್ಟು ನೋಡು.

ಟೈಲರಮ್ಮನ ಎದುರಿಗೆ ನಕ್ಕು, "ಪ್ರಿಂಟಿನವನು ಏನೋ ಎಡವಟ್ಟು ಮಾಡಿರ್ಬೇಕು ಬಿಡ್ರೀ" ಅಂದೆ. ಅವಳೂ ನಂಬಿದಂತೆ ತಲೆಯಾಡಿಸಿದಳು. ಅವಳು ಹೋದ ಮೇಲೆ ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಸುರಿಯುವ ಮೊದಲು ಒಂದು ಗುಟುಕು ಕುಡಿದೆ. ಸಕ್ಕರೆ ಸಿಕ್ಕಾಪಟ್ಟೆ. ಬೀಜವನ್ನು ಮಿಕ್ಸಿಗೆ ಹಾಕಿ ರುಬ್ಬಿದ್ದೀಯ, ಅದಕ್ಕೇ ಆ ಕಹಿ. ಬೀಜ ರುಬ್ಬಬಾರದು, ಜರಡಿಯ ಮೇಲಿಟ್ಟು ಸೌಟಿನಿಂದ ಉಜ್ಜಬೇಕು ಎಂದು ನಿನಗೆ ಎಷ್ಟು ಸಲ ಬಡಕೊಂಡಿದ್ದೆ! ಆಗ ನಾನು ಬದುಕಿದ್ದೆ, ಅದಕ್ಕೇ ನಿನ್ನ ಕಿವಿಗೆ ಬೀಳಲಿಲ್ಲ.

ಆ ಬಳ್ಳಿಯ ಎಲೆ ಕಷಾಯದ ಪೊಟ್ಟಣದ ಮೇಲೂ ನಾನೇ ಇದ್ದೇನಂತೆ. "ಎಲ್ಲ ಕಾಯಿಲೆಗೂ ಇದೇ ಮದ್ದು ಎನ್ನುತ್ತಿದ್ದರು ಅಮ್ಮ." ಯಾವಾಗ ಅಂದೆನೇ ನಾನು? ಆಸ್ಪತ್ರೆ ಗೇಟಿನ ಎದುರು ತಳ್ಳುಗಾಡಿ ಇಟ್ಟುಕೊಂಡು ಇಷ್ಟು ವರ್ಷ ನಿಂತಿದ್ದೇನೆ. ರೋಗಿಗಳ ಕಡೆಯವರು ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಾರೆ. ಮೊದಲು ಕೇಳುತ್ತೇನೆ: "ನಿದ್ದೆ ಮಾತ್ರೆ ತಗೋತೀರಾ? ಬಿ.ಪಿ. ಮಾತ್ರೆ? ನಾಳೆ ನಾಡಿದ್ದು ಆಪರೇಷನ್ ಇದೆಯಾ?" ಒಂದಕ್ಕೆ ಹೌದು ಅಂದರೂ ಎಲೆ ಕಷಾಯ ಇಲ್ಲ, ಹಣ್ಣಿನ ಶರಬತ್ತು ಕುಡಿದು ಹೋಗಿ ಅನ್ನುತ್ತೇನೆ. ಬಲಿತ ಎಲೆ, ನೆರಳಲ್ಲಿ ಒಣಗಿಸಿದ್ದು, ಚೆನ್ನಾಗಿ ಕುದಿಸಿದ ನೀರು. ಮೈ ಸ್ವಲ್ಪ ಸಡಿಲವಾಗುತ್ತದೆ, ಬೆಂಚಿನ ಮೇಲೆ ಒಂದು ಜೊಂಪು ಹತ್ತುತ್ತದೆ. ಅದಕ್ಕಿಂತ ಒಂದು ಮಾತು ಹೆಚ್ಚು ನಾನು ಯಾರಿಗೂ ಹೇಳಿದವಳಲ್ಲ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡುವುದಕ್ಕೆ ಬರುವುದಿಲ್ಲ. ಆ ಲೇಬಲನ್ನು ಮೊದಲು ಕಿತ್ತು ಹಾಕು.

ಇತಿ,
ನಿನ್ನ ಬಾಟಲಿಯಲ್ಲಿ ಸತ್ತು ಇಲ್ಲಿ ತಳ್ಳುಗಾಡಿ ತಳ್ಳುತ್ತಿರುವ
ಅಮ್ಮ


ಮಾರ್ಚ್ 14

ಅಮ್ಮಾ,

ಕಾಗದ ತಲುಪಿತು. ಪ್ರಿಂಟಿನವನ ತಪ್ಪಲ್ಲ. ನಾನೇ ಹಾಕಿಸಿದ್ದು. ಟೈಲರಮ್ಮನಿಗೂ ಹಾಗೇ ಹೇಳು.

ಜಾಹೀರಾತು ಬರೆಯುವವನು "ಇದು ಯಾರ ಕೈಯಳತೆ ಮೇಡಂ?" ಎಂದು ಕೇಳಿದ. ಅಮ್ಮನದು ಅಂದೆ. "ಅವರ ಫೋಟೋ ಹಾಕೋಣ, ಎಲ್ಲಿದ್ದಾರೆ?" ಅಂದ. "ತೀರಿಕೊಂಡ್ರು" ಅಂದೆ. ನಾಲಿಗೆ ತಡವರಿಸಲಿಲ್ಲ. ಯಾಕೆಂದರೆ ಅದು ಮೊದಲನೇ ಸಲ ಆಗಿರಲಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಾಗಲೂ, ಬಾಡಿಗೆ ಮನೆ ಹುಡುಕಿದಾಗಲೂ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದವರಿಗೆಲ್ಲ ಇಬ್ಬರೂ ಇಲ್ಲ ಎಂದೇ ಹೇಳಿದ್ದೇನೆ. ಇದ್ದಾರೆ ಅಂದರೆ ಮುಂದಿನ ಪ್ರಶ್ನೆಗೆ ಏನು ಹೇಳಲಿ? ಹಾಸ್ಟೆಲಿನಿಂದ ರಜೆಗೆ ಬಂದು ಬೀರು ತೆಗೆದೆ. ಅಪ್ಪನ ಅಂಗಿಗಳು ಇದ್ದ ಜಾಗದಲ್ಲಿ ಡ್ರೈವರನ ಯೂನಿಫಾರಂ ನೇತಾಡುತ್ತಿತ್ತು. ಅಪ್ಪ ಹೋಗಿ ಒಂದು ವರ್ಷ ತುಂಬಿರಲಿಲ್ಲ. "ಕೂತ್ಕೋ, ಒಂದು ವಿಷಯ ಹೇಳ್ಬೇಕು" ಎಂದು ನೀನು ಹೇಳಿದ್ದು ಅದಾದ ಮೇಲೆ.

ಅದೂ ಯಾರು? ಅಪ್ಪನನ್ನು ವಾರ ವಾರ ಆಸ್ಪತ್ರೆಗೆ ಸಾಗಿಸುತ್ತಿದ್ದ ಆಂಬುಲೆನ್ಸಿನವನು. ಕೊನೆಯ ಸಲ ಒಯ್ದವನೂ ಅವನೇ. ನಿನಗೆ ಬೇರೆ ಯಾರೂ ಸಿಗಲಿಲ್ಲವಾ? ಅವತ್ತೇ ಕೇಳಬೇಕಾಗಿತ್ತು. ಎಂಟು ವರ್ಷದ ಮೇಲೆ ಕೇಳುತ್ತಿದ್ದೇನೆ.

ನೀನು ನನಗೆ ಏನು ಮಾಡಿದೆ ಎಂಬುದನ್ನೂ ಕೇಳಬೇಕು. ಎರಡು ವರ್ಷದ ಹಿಂದೆ ಮರ್ಯಾದೆ ಬಿಟ್ಟು ನಿನ್ನ ಬಾಗಿಲಿಗೆ ಬಂದು ಅಪ್ಪನ ಬಳ್ಳಿಯಿಂದ ಕಡ್ಡಿ ತಂದೆ. ಐವತ್ತು ಕಡ್ಡಿಯೂ ಬೇರು ಬಿಟ್ಟವು, ಕಂಬಿ ಹಿಡಿದು ಹಬ್ಬಿದವು. ಈಗ ಚಪ್ಪರ ತುಂಬ ಹೂವು. ಮಧ್ಯಾಹ್ನ ಅರಳುತ್ತವೆ, ಸಂಜೆ ಮುದುಡುತ್ತವೆ, ಎರಡು ದಿನಕ್ಕೆ ತೊಟ್ಟು ಕಳಚಿ ಬೀಳುತ್ತವೆ. ಒಂದೇ ಒಂದು ಕಾಯಿ ಇಲ್ಲ. ಗೊಬ್ಬರ ಹಾಕಿದೆ, ಔಷಧಿ ಹೊಡೆಸಿದೆ. ಸಂತೆಯಲ್ಲಿ ಹಣ್ಣು ತಂದು ಬಾಟಲಿ ತುಂಬಿಸುತ್ತಿದ್ದೇನೆ. ಜಾಗದ ಮಾಲೀಕರು ನಿನ್ನೆ ಬಂದು ಸುತ್ತು ಹೊಡೆದು, "ಈ ಸಲ ಕಾಯಿ ಕಚ್ಚದಿದ್ರೆ ಎಲ್ಲ ಕೀಳಿಸಿ ಕಾರು ನಿಲ್ಲಿಸೋ ಶೆಡ್ ಹಾಕಿಸ್ತೀನಮ್ಮ, ಬೇಜಾರು ಮಾಡ್ಕೋಬೇಡಿ" ಎಂದು ಹೋದರು. ನಿಮ್ಮ ಮುಂದಿನ ಗೋಡೆಯ ಬಳ್ಳಿ ಹೋದ ವರ್ಷ ಒಣಗಿತು ಎಂದು ನೀನೇ ಮೆಸೇಜ್ ಹಾಕಿದ್ದೆ. ಅಂದರೆ ಅಪ್ಪ ನೆಟ್ಟದ್ದು ಈ ಭೂಮಿಯ ಮೇಲೆ ಉಳಿದಿರುವುದು ನನ್ನ ಚಪ್ಪರದಲ್ಲಿ ಮಾತ್ರ.

ನಿಜ ಹೇಳು, ಆ ಕಡ್ಡಿಗೆ ಏನು ಮಾಡಿ ಕೊಟ್ಟೆ? ಬಿಸಿನೀರಲ್ಲಿ ಅದ್ದಿದೆಯಾ?

ಮಗಳು


ಮಾರ್ಚ್ 19

ಮಗಳೇ,

ಬಿಸಿನೀರಲ್ಲಿ ಅದ್ದಿದೆನಂತೆ! ಮುಂದಿನ ಕಾಗದದಲ್ಲಿ ನಾನು ಪೊರಕೆಯ ಮೇಲೆ ಕೂತು ಬಂದು ನಿನ್ನ ಚಪ್ಪರದ ಸುತ್ತ ಹಾರಾಡುತ್ತೇನೆ ಎಂದೂ ಬರಿ. ನಿಮ್ಮಪ್ಪ ನಿನಗೆ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಅವರು ನಿನ್ನನ್ನು ದಡ್ಡಿ ಎಂದು ಯಾವತ್ತೂ ಕರೆಯಲಿಲ್ಲ. ಅದನ್ನು ನಾನು ಕರೆಯುತ್ತೇನೆ.

ಈ ಹಳದಿ ಹಣ್ಣಿನ ಜಾತಿಯ ಹೂವಿಗೆ ತನ್ನ ಬಳ್ಳಿಯ ಪರಾಗ ಹಿಡಿಯುವುದಿಲ್ಲ, ಬೇರೆ ಬಳ್ಳಿಯದು ಬೇಕು. ನೀನು ಒಂದೇ ಬಳ್ಳಿಯಿಂದ ಐವತ್ತು ಕಡ್ಡಿ ಒಯ್ದೆ. ಐವತ್ತು ಗುಂಡಿಯಲ್ಲಿ ನೆಟ್ಟರೂ ಅದು ಒಂದೇ ಬಳ್ಳಿ. ದುಂಬಿ ಬಂದು ಆ ಹೂವಿನಿಂದ ಈ ಹೂವಿಗೆ ದಿನವಿಡೀ ಓಡಾಡಿದರೂ ಪ್ರಯೋಜನವಿಲ್ಲ.

ಇದನ್ನು ನಿನಗೆ ಅವತ್ತೇ ಹೇಳಲಾಗಿತ್ತು. ಇವರು ಹಿಂದಿನ ಗೋಡೆಯ ಬಳ್ಳಿಯಿಂದ ಕಡ್ಡಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ದಾರ ಕಟ್ಟಿ, ಬಾಗಿಲ ಬಳಿ ಇಟ್ಟಿದ್ದರು. "ಇದನ್ನೂ ತಗೊಂಡು ಹೋಗಮ್ಮ, ಎರಡೂ ಇದ್ರೇನೇ ಕಾಯಿ ಕಚ್ಚೋದು" ಅಂದರು. ನೀನು ಅವರ ಮುಖ ನೋಡದೆ, "ಅಪ್ಪಂದು ಸಾಕು ನಂಗೆ" ಅಂದೆ. ಆ ಗೋಣಿಗೆ ಕಾಲು ತಗುಲದ ಹಾಗೆ ಲಂಗ ಎತ್ತಿಕೊಂಡು ದಾಟಿ ಹೋದೆ. ನಾನು ಹಿಂದಿನಿಂದ ಕೂಗಬಹುದಿತ್ತು. ಕೂಗಲಿಲ್ಲ. ಅಷ್ಟು ಕೊಬ್ಬಿದ್ದವಳು ಅನುಭವಿಸಲಿ ಅಂತಲೇ ಬಾಗಿಲು ಹಾಕಿಕೊಂಡೆ.

ಇನ್ನೊಂದು ಕೇಳು. ಅಪ್ಪ ನೆಟ್ಟ ಬಳ್ಳಿ, ಅಪ್ಪ ನೆಟ್ಟ ಬಳ್ಳಿ ಎಂದು ಊರಿಗೆಲ್ಲ ಡಂಗುರ ಹೊಡೆಯುತ್ತೀಯಲ್ಲ, ಆ ಬಳ್ಳಿ ಮೂರು ವರ್ಷ ಒಂದು ಕಾಯಿ ಬಿಡಲಿಲ್ಲ. ನಿಮ್ಮಪ್ಪನಿಗೆ ಶ್ವಾಸಕೋಶ ಕೈಕೊಟ್ಟ ಮೇಲೆ ಮಂಚವನ್ನು ಮುಂದಿನ ಕಿಟಕಿಗೆ ಹಾಕಿದ್ದೆವು. ಅಲ್ಲಿ ಮಲಗಿ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡು, "ಒಂದಾದ್ರೂ ಕಾಯಿ ಬಿಡೇ ಮಾರಾಯ್ತಿ" ಎಂದು ಬಳ್ಳಿಯನ್ನು ಬೈಯುತ್ತಿದ್ದರು. ಆಂಬುಲೆನ್ಸಿನಲ್ಲೂ ಅದೇ ಪುರಾಣ. ಕೇಳಿ ಕೇಳಿ ಇವರು ಎಲ್ಲಿಂದಲೋ ಇನ್ನೊಂದು ಸಸಿ ಹುಡುಕಿ ತಂದು ಹಿಂದಿನ ಗೋಡೆಗೆ ನೆಟ್ಟರು. ಅದು ಹೂ ಬಿಟ್ಟ ವರ್ಷ ನಿಮ್ಮಪ್ಪನ ಬಳ್ಳಿಯಲ್ಲೂ ಕಾಯಿ ತೂಗಾಡಿದವು. ಮೊದಲ ಲೋಟ ಶರಬತ್ತನ್ನು ನಿಮ್ಮಪ್ಪ ಚಮಚದಲ್ಲಿ ಕುಡಿದರು. ನೀನು ರಜೆಗೆ ಬಂದು, "ಅಪ್ಪನ ಬಳ್ಳಿ ಹಣ್ಣು ಬಿಟ್ಟಿದೆ!" ಎಂದು ಕುಣಿದೆ. ಯಾರೂ ತಿದ್ದಲಿಲ್ಲ. ಸಸಿ ತಂದವರು ಅಲ್ಲೇ ಬಾಗಿಲಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ನಿಂತಿದ್ದರು.

ಬೇರೆ ಯಾರೂ ಸಿಗಲಿಲ್ಲವಾ ಎಂದು ಕೇಳಿದ್ದೀಯ. ನಾನು ಹುಡುಕಲು ಹೊರಟಿರಲಿಲ್ಲ. ಎರಡು ವರ್ಷ ನಿಮ್ಮಪ್ಪನನ್ನು ಎತ್ತಿ ಇಳಿಸಿದ ಕೈ ಅದು. ಮದುವೆಯಾದದ್ದಕ್ಕೆ ನನಗೆ ಕಿಂಚಿತ್ತೂ ನಾಚಿಕೆಯಿಲ್ಲ. ಇನ್ನೊಮ್ಮೆ ಅವಕಾಶ ಸಿಕ್ಕಿದರೂ ಅದನ್ನೇ ಮಾಡುತ್ತೇನೆ, ನಿನ್ನನ್ನು ಕೇಳದೆಯೇ ಮಾಡುತ್ತೇನೆ.

ಹಿಂದಿನ ಗೋಡೆಯ ಬಳ್ಳಿ ಈಗ ಹೂ ಬಿಡುತ್ತಿದೆ. ಬೇಕಿದ್ದರೆ ಬಾ. ಬರುವ ಮೊದಲು ಆ ಲೇಬಲು ತೆಗೆ.

ಇತಿ,
ಅಮ್ಮ


ಏಪ್ರಿಲ್ 21

ಅಮ್ಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ನಾಲ್ಕನ್ನೂ ಹರಿದೆ.

ಅಪ್ಪನ ವಿಷಯ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನಿಜವಾದರೆ ಇಷ್ಟು ವರ್ಷ ಯಾಕೆ ಬಚ್ಚಿಟ್ಟೆ? ನನಗೆ ಗೊತ್ತಿರಬೇಕಾದದ್ದೆಲ್ಲ ಎಲ್ಲರಿಗೂ ಗೊತ್ತಾದ ಮೇಲೆ ನನಗೆ ಗೊತ್ತಾಗುತ್ತದೆ. ಆ ಮನೆಯ ರೂಢಿಯೇ ಅದು.

ಪರಾಗದ ಮಾತು ಮಾತ್ರ ನಿಜ. ನರ್ಸರಿಯಲ್ಲಿ ವಿಚಾರಿಸಿದೆ. ಬೇರೆ ಸಸಿ ಕೊಡುತ್ತಾರೆ, ಆದರೆ ಅದು ಹೂ ಬಿಡುವುದು ಬರುವ ವರ್ಷ. ಮಾಲೀಕರು ಅಷ್ಟು ದಿನ ಕಾಯುವುದಿಲ್ಲ, ಕಬ್ಬಿಣದ ಕಂಬ ಆಗಲೇ ತಂದು ಗೇಟಿನ ಪಕ್ಕ ಒಟ್ಟಿದ್ದಾರೆ. ಸುತ್ತಮುತ್ತ ಯಾರ ಮನೆಯಲ್ಲೂ ಈ ಬಳ್ಳಿ ಇಲ್ಲ. ಬೆಳಿಗ್ಗೆ ಚಪ್ಪರದ ಕೆಳಗೆ ಗುಡಿಸಿದರೆ ಒಂದು ಮೊರ ಹೂವು.

ಆ ಹೂವುಗಳನ್ನು ನೀನೇ ಹೇಗಾದರೂ ಕಳಿಸು. ಬಸ್ಸಿನವರ ಕೈಯಲ್ಲಿ ಕೊಟ್ಟರೆ ನಾನು ನಿಲ್ದಾಣಕ್ಕೆ ಹೋಗಿ ಇಸಿದುಕೊಳ್ಳುತ್ತೇನೆ. ನಾನು ಅಲ್ಲಿಗೆ ಬರುವುದಿಲ್ಲ. ಅವರು ಇಲ್ಲಿಗೆ ಬರುವುದು ಬೇಡ.

ಲೇಬಲಿನ ಬಗ್ಗೆ: ಜಾಹೀರಾತಿನವನನ್ನು ಕೇಳಿದೆ. "ಮೇಡಂ, ಜನ ಶರಬತ್ತು ಕೊಳ್ತಿಲ್ಲ, ಆ ಒಂದು ಸಾಲು ಕೊಳ್ತಿದ್ದಾರೆ" ಅಂದ. ಒಂದು ಹೆಂಗಸು, ನಿವೃತ್ತ ಟೀಚರ್, ವಾರವಾರ ಬಂದು ಬಾಟಲಿ ಕೈಗೆ ತಗೊಂಡು, "ನಮ್ಮಮ್ಮನೂ ಹೀಗೇ ಇದ್ರು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಹಳೆಯ ಲೇಬಲಿನ ಕಟ್ಟು ಮುಗಿಯಲಿ, ನೋಡೋಣ.

ಮಗಳು


ಏಪ್ರಿಲ್ 30

ಮಗಳೇ,

ಹೂವೇನು ಬಟ್ಟೆಯೇ, ಮಡಚಿ ಬಸ್ಸಿನವರ ಕೈಗೆ ಕೊಡುವುದಕ್ಕೆ? ಮಧ್ಯಾಹ್ನ ಅರಳಿ ಸಂಜೆಗೆ ಮುಚ್ಚಿಕೊಳ್ಳುವ ಹೂವು. ಕಟ್ಟು ಮುಗಿಯಲಿ, ನೋಡೋಣ! ನಾನು ಸತ್ತಿರುವುದು ಸ್ಟಾಕು ಮುಗಿಯುವವರೆಗೆ ಅನ್ನು.

ನಿನ್ನ ಕಾಗದ ಓದಿ ಒಲೆಗೆ ಹಾಕಲು ಹೋದೆ. ಇವರು ಕೈಯಿಂದ ಕಿತ್ತುಕೊಂಡರು. ಪೂರ್ತಿ ಓದಿದರು, ಅವರು ಬರುವುದು ಬೇಡ ಎಂದು ನೀನು ಬರೆದ ಸಾಲನ್ನೂ ಓದಿದರು. ನಿನ್ನೆ ಮಧ್ಯಾಹ್ನ ಡ್ಯೂಟಿಗೆ ರಜೆ ಹಾಕಿ ಬಂದು, ಏಣಿ ಹತ್ತಿ, ಅರಳಿದ ಹೂವಿನಿಂದ ಪರಾಗದ ಕಡ್ಡಿಗಳನ್ನೆಲ್ಲ ಚಿಮುಟದಲ್ಲಿ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡರು. ಒದ್ದೆಯಾದರೆ ಕೆಡುತ್ತದೆ ಎಂದು ತಮ್ಮ ಬೆವರು ಒರೆಸುವ ಟವೆಲನ್ನೂ ದೂರ ಇಟ್ಟಿದ್ದರು. ನಾನು ಕೆಳಗೆ ನಿಂತು ಬಾಯಿಗೆ ಬಂದಂತೆ ಬೈದೆ. "ಬೇಡ ಅಂದವರ ಮನೆಗೆ ಹೋಗೋಕೆ ನಾಚಿಕೆ ಆಗಲ್ವಾ? ಮಾನ ಮರ್ಯಾದೆ ಏನೂ ಇಲ್ವಾ ನಿಮಗೆ?" ಅಂದೆ. "ಕಾಯಿ ಕಚ್ಚಿದ್ರೆ ಸಾಕು ಕಣೇ" ಅಂದರು. ಸಂಜೆ ಬಸ್ಸು ಹತ್ತಿಯೇಬಿಟ್ಟರು. ಈ ಕಾಗದ ನಿನಗೆ ತಲುಪುವ ಹೊತ್ತಿಗೆ ಬಂದು ಹೋಗಿರುತ್ತಾರೆ.

ಬಂದಾಗ ನೀನು ಹೇಗೆ ನಡೆದುಕೊಂಡೆ ಎಂದು ಅವರ ಬಾಯಿಂದಲೇ ಕೇಳುತ್ತೇನೆ, ತಿಳಿದಿರು.

ಅಮ್ಮ


ಮೇ 6

ಅಮ್ಮಾ,

ಬಂದರು. ಮೂರು ದಿನ ಇದ್ದರು. ಕೆಲಸ ಮುಗಿಯಿತು, ಹೋದರು.

ಮಧ್ಯಾಹ್ನ ಬಣ್ಣದ ಬ್ರಶ್ಶು ಹಿಡಿದು ಒಂದೊಂದು ಹೂವಿಗೂ ಸವರಿದರು. ಊಟ ಕೊಡಿಸಿದೆ. ಮಲಗುವುದಕ್ಕೆ ಬಾಟಲಿ ತುಂಬುವ ಕೋಣೆಯಲ್ಲಿ ಹಾಸಿಗೆ ಹಾಕಿಸಿದೆ. ಬಸ್ ಚಾರ್ಜ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಥ್ಯಾಂಕ್ಸ್ ಹೇಳಿದ್ದೇನೆ. ಇನ್ನು ನೀನು ನನ್ನನ್ನು ಬೈಯುವುದಕ್ಕೆ ಕಾರಣ ಇಲ್ಲ.

ಹೂವಿನ ಬುಡ ಸ್ವಲ್ಪ ಊದಿದ ಹಾಗೆ ಕಾಣುತ್ತಿದೆ. ಇನ್ನೂ ನಂಬಿಕೆಯಿಲ್ಲ.

ಮಗಳು


ಮೇ 11

ಏನೇ,

ಕಾರಣ ಇಲ್ಲವಾ? ಕೇಳು ಹಾಗಾದರೆ.

ಇವರು ವಾಪಸು ಬಂದವರು ನಗುನಗುತ್ತಲೇ ಬಂದರು. "ನಿನ್ ಮಗಳ ತೋಟ ಭಾರಿ ಚೆನ್ನಾಗಿದೆ, ಕಂಬಿ ಎಳೆಸಿರೋದು ನೋಡ್ಬೇಕು ನೀನು" ಎಂದರು. ಊಟ ಮಾಡುತ್ತಾ ಇನ್ನೊಂದು ತಮಾಷೆ ಹೇಳಿದರು: "ನಿನ್ ಮಗಳ ಹತ್ರ ಕೆಲಸ ಮಾಡೋ ಹೆಂಗಸರು ನಂಗೆ, 'ಮಾಲಿಯಣ್ಣ, ದಿನಗೂಲಿ ಎಷ್ಟು ತಗೋತೀಯ, ನಮ್ಮ ಮನೆ ಗಿಡಕ್ಕೂ ಒಂದು ಕೈ ಹಾಕ್ತೀಯಾ' ಅಂತ ಕೇಳಿದ್ರು ಕಣೇ!" ಎಂದು ಬಿದ್ದು ಬಿದ್ದು ನಕ್ಕರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ನೀವು ಯಾರು ಅಂತ ಅವಳು ಹೇಳ್ಲಿಲ್ವಾ?" ಅಂದೆ. "ಬಳ್ಳಿ ಕೆಲಸಕ್ಕೆ ಬಂದವರು ಅಂದ್ಲು. ಸರಿಯಾಗೇ ಹೇಳಿದ್ಲಲ್ಲ, ಬಳ್ಳಿ ಕೆಲಸಕ್ಕೇ ತಾನೆ ಹೋಗಿದ್ದು" ಎಂದು ಮಜ್ಜಿಗೆ ಕೇಳಿದರು.

ಅವರಿಗೆ ಅದು ತಮಾಷೆಯಂತೆ. ನನಗೆ ಮೈಯೆಲ್ಲ ಉರಿಯಿತು. ಹೊರಗಿನ ಕಟ್ಟೆಯ ಮೇಲೆ ಕೆಲಸದವರ ಜೊತೆ ಊಟಕ್ಕೆ ಕೂರಿಸಿದೆಯಂತೆ. ಕೆಲಸದವರ ಜೊತೆ ಕೂರುವುದು ಅವರಿಗೆ ಅವಮಾನ ಅಲ್ಲ, ಜೀವನವಿಡೀ ಹಾಗೇ ಉಂಡವರು. ನೀನು ಎಲ್ಲಿ ಉಂಡೆ? ಒಳಗೆ, ಬಾಗಿಲು ಹಾಕಿಕೊಂಡು. ಅಮ್ಮನನ್ನು ಸಾಯಿಸಿದೆ. ಅಮ್ಮನ ಗಂಡನನ್ನು ಕೂಲಿ ಮಾಡಿದೆ. ಆಮೇಲೆ ಬಸ್ ಚಾರ್ಜ್ ಚಾಚಿದೆ. ನಿನ್ನಂಥವಳನ್ನು ಹೆತ್ತೆನಲ್ಲ ಎಂದು ನನ್ನ ಮೇಲೆಯೇ ಅಸಹ್ಯವಾಗಿದೆ.

ಇನ್ನು ಕಾಗದ ಬರೆಯಬೇಡ. ಬರೆದರೂ ಒಡೆಯುವುದಿಲ್ಲ. ಸತ್ತವರು ಕಾಗದ ಓದುವುದಿಲ್ಲ.

ಇಷ್ಟೇ.


ಮೇ 24

ಏನೆಂದು ಕರೆದು ಶುರುಮಾಡಬೇಕೋ ಗೊತ್ತಾಗದೆ ಹಾಗೇ ಶುರುಮಾಡಿದ್ದೇನೆ, ತಪ್ಪು ತಿಳಿಯಬೇಡಿ. ನಾನು ನಿಮ್ಮ ತಾಯಿಯ ಮನೆಯಿಂದ, ಆಂಬುಲೆನ್ಸ್ ಡ್ರೈವರ್. ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಇದನ್ನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಮಾಲಿ ಅಂದದ್ದಕ್ಕೆ ನನಗೆ ಬೇಜಾರಿಲ್ಲ. ಆ ಹೆಂಗಸರು ಒಳ್ಳೆಯವರು, ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟರು. ಕಾಯಿ ಕಚ್ಚಿರುತ್ತದೆ ಎಂದುಕೊಂಡಿದ್ದೇನೆ. ಬುಡಕ್ಕೆ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ.

ಆದರೆ ನಾನು ಅಲ್ಲಿ ಬಾಟಲಿ ತುಂಬುವ ಕೋಣೆಯಲ್ಲಿ ಮಲಗಿದ್ದೆನಲ್ಲ. ಸುತ್ತ ಪೆಟ್ಟಿಗೆ, ಪೆಟ್ಟಿಗೆ ತುಂಬ ಆ ಲೇಬಲು. ಅಷ್ಟು ದಿನ ನಿಮ್ಮ ತಾಯಿ ಹೇಳಿದ್ದನ್ನು ಕೇಳಿದ್ದೆ ಅಷ್ಟೇ, ಕಣ್ಣಾರೆ ನೋಡಿರಲಿಲ್ಲ. ನನಗೆ ಸಿಟ್ಟು ಬರುವುದು ಕಡಿಮೆ. ಅವತ್ತು ಬಂತು. ಮೂರು ದಿನ ನಿಮ್ಮ ಮುಂದೆ ತೋರಿಸಲಿಲ್ಲ. ಮನೆಗೆ ಬಂದ ಮೇಲೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗಾಡಿಯವರಲ್ಲಿ ಒಂದು ಪದ್ಧತಿ ಇದೆ. ಹಿಂದೆ ಮಲಗಿರುವವರು ಹೋಗಿಬಿಟ್ಟಿದ್ದಾರೆ ಎಂದು ನಮಗೆ ಗೊತ್ತಾದರೂ ಆ ಮಾತನ್ನು ಬಾಯಿಂದ ಆಡುವುದಿಲ್ಲ. ಡಾಕ್ಟರು ಬಂದು ನೋಡಿ ಹೇಳುವವರೆಗೆ ಪೇಷೆಂಟ್ ಎಂದೇ ಹೇಳುತ್ತೇವೆ. ಹೊಸಬನು ಬಾಯ್ತಪ್ಪಿ ಆಡಿದರೆ ಹಿರಿಯರು ಕಪಾಳಕ್ಕೆ ಬಿಡುತ್ತಾರೆ. ಎಷ್ಟು ವರ್ಷ ಗಾಡಿ ಓಡಿಸಿದರೂ ಆ ಮಾತನ್ನು ಹೇಳುವ ಅಧಿಕಾರ ನಮಗೆ ಇಲ್ಲ.

ನಿಮ್ಮ ತಂದೆ ಗಾಡಿಯಲ್ಲೇ ಹೋದರು. ನನಗೆ ಕನ್ನಡಿಯಲ್ಲಿ ಕಂಡಿತು. ನಿಮ್ಮ ತಾಯಿ ಪಕ್ಕದಲ್ಲಿ ಕೂತು ಅವರ ಕೈ ಉಜ್ಜುತ್ತಿದ್ದರು. ನಾನು ಸೈರನ್ ನಿಲ್ಲಿಸಲಿಲ್ಲ. ವೇಗ ಕಡಿಮೆ ಮಾಡಲಿಲ್ಲ. "ಇನ್ನೇನು ಬಂದ್ವಿ ಸಾರ್, ಇನ್ನೊಂದು ತಿರುವು" ಎಂದು ಅವರ ಹತ್ತಿರ ಮಾತಾಡುತ್ತಲೇ ಓಡಿಸಿದೆ. ಗೇಟಿನಲ್ಲಿ ಕಾವಲಿನವನು ಕೇಳಿದಾಗಲೂ ಪೇಷೆಂಟ್ ಅಂದೆ. ಸತ್ತಿದ್ದವರನ್ನು ನಾನು ಹಾಗೆ ಕರೆದುಕೊಂಡು ಹೋದೆ.

ನೀವು ಬದುಕಿರುವವರನ್ನು ಸತ್ತರು ಅಂದಿರಿ. ನೀವು ಡಾಕ್ಟರೂ ಅಲ್ಲ.

ನಿಮ್ಮ ತಾಯಿ ರಾತ್ರಿ ಮಲಗುವುದಿಲ್ಲ. ಊರವರಿಗೆಲ್ಲ ಕಷಾಯ ಕಾಯಿಸಿ ಕೊಡುತ್ತಾರೆ, ತಮಗೆ ಒಂದು ಲೋಟ ಕಾಯಿಸಿಕೊಳ್ಳಿ ಅಂದರೆ ನನ್ನ ಮೇಲೆ ರೇಗುತ್ತಾರೆ. ನಿಮ್ಮ ಕಾಗದ ಬಂದರೆ ಒಡೆಯುವುದಿಲ್ಲ ಎಂದು ಬರೆದಿದ್ದಾರಂತೆ. ದಿನಾ ಅಂಚೆಯವನು ಬರುವ ಹೊತ್ತಿಗೆ ತಳ್ಳುಗಾಡಿ ಬಿಟ್ಟು ಮನೆಗೆ ಬಂದು ನಿಂತಿರುತ್ತಾರೆ.

ಇಂತಿ,
ಗಾಡಿಯವನು


ಜುಲೈ 25

ಅಮ್ಮಾ,

ಒಡೆಯುವುದಿಲ್ಲ ಎಂದಿದ್ದೆ. ಒಡೆದಿದ್ದರೆ ಮುಂದೆ ಓದು.

ಇದರ ಜೊತೆ ಪಾರ್ಸೆಲ್ ಬಂದಿರಬೇಕು. ಚಪ್ಪರ ತುಂಬ ಕಾಯಿ. ಬಲಿತ ಹಣ್ಣು ತಾವಾಗಿಯೇ ಕಳಚಿ ಬೀಳುತ್ತಿವೆ, ಬೆಳಿಗ್ಗೆ ಬುಟ್ಟಿ ಹಿಡಿದು ಆರಿಸುತ್ತೇವೆ. ಮಾಲೀಕರು ಒಂದನ್ನು ಕತ್ತರಿಸಿ ಚಮಚ ಹಾಕಿ ತಿಂದು, ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡೇ, "ಇರ್ಲಿ ಬಿಡಮ್ಮ, ಶೆಡ್ ಆ ಕಡೆ ಹಾಕಿಸ್ತೀನಿ" ಅಂದರು. ಬೀಜ ಈಗ ರುಬ್ಬುತ್ತಿಲ್ಲ.

ನನಗೆ ಮೇ ತಿಂಗಳಲ್ಲಿ ಒಂದು ಕಾಗದ ಬಂದಿತ್ತು. ಯಾರದೆಂದು ಕೇಳಬೇಡ. ಅದಾದ ಮೇಲೆ ಎರಡು ತಿಂಗಳು ಆ ಪೆಟ್ಟಿಗೆಗಳ ಕೋಣೆಗೆ ಹೋಗುವುದೇ ಕಷ್ಟವಾಯಿತು. ಹೋದ ವಾರ ಲೇಬಲೆಲ್ಲ ನೀರಲ್ಲಿ ನೆನೆಸಿ ಕಿತ್ತೆ, ಕಷಾಯದ ಪೊಟ್ಟಣಗಳನ್ನೂ ಹಿಂದಕ್ಕೆ ತರಿಸಿಕೊಂಡೆ. ಜಾಹೀರಾತಿನವನು ತಲೆ ಚಚ್ಚಿಕೊಂಡ. ಟೀಚರ್ ಬಂದು ಬರಿಯ ಬಾಟಲಿ ನೋಡಿ, "ಅಮ್ಮನ ಚಿತ್ರ ಎಲ್ಲಮ್ಮಾ?" ಎಂದರು. "ನಮ್ಮಮ್ಮ ಬದುಕಿದ್ದಾರೆ. ಗಟ್ಟಿಮುಟ್ಟಾಗಿದ್ದಾರೆ. ನಾನು ಸುಳ್ಳು ಹೇಳಿದ್ದೆ" ಅಂದೆ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. "ನಮ್ಮಮ್ಮ ಇದ್ದಿದ್ರೆ ಅಂತ ನಾನು ವಾರವಾರ ನಿನ್ ಅಂಗಡಿಗೆ ಬಂದು ಅತ್ತಿದ್ದೀನಿ. ಇರೋ ಅಮ್ಮನ್ನ ಇಟ್ಕೊಂಡು ನೀನು ನಿಂತು ನೋಡಿದ್ಯಲ್ಲೇ!" ಎಂದು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ ಹೋದರು. ಮತ್ತೆ ಬಂದಿಲ್ಲ. ಬರುವುದೂ ಇಲ್ಲ.

ಬಾಟಲಿ ತುಂಬುವ ಹೆಂಗಸರು, "ಮಾಲಿಯಣ್ಣ ಮತ್ತೆ ಯಾವಾಗ ಬರ್ತಾರಕ್ಕ?" ಎಂದು ಕೇಳಿದರು. ಮಾಲಿ ಅಲ್ಲ, ನಮ್ಮಮ್ಮನ ಗಂಡ ಅಂದೆ. ಅದಕ್ಕಿಂತ ಬೇರೆ ಮಾತು ಬಾಯಿಗೆ ಬರಲಿಲ್ಲ. ಬಂದಷ್ಟು ಹೇಳಿದ್ದೇನೆ. ಈ ಹಣ್ಣೆಲ್ಲ ಅವರ ಬ್ರಶ್ಶಿನದು ಎಂದೂ ಹೇಳಿದೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಅಮ್ಮಾ. ಬೀರು ತೆಗೆಯುವ ಮೊದಲು ನೀನು ನನಗೆ ಹೇಳಬೇಕಿತ್ತು. ನೀನು ಯಾರನ್ನು ಬೇಕಾದರೂ ಮದುವೆಯಾಗು, ಮೊದಲು ನನಗೆ ಹೇಳಬೇಕಿತ್ತು. ನನಗೆ ಆಗ ಅಪ್ಪ ಇರಲಿಲ್ಲ, ನೀನೊಬ್ಬಳೇ ಇದ್ದೆ.

ಹಣ್ಣು ಹೇಗಿದೆ ಎಂದು ಬರಿ. ಬರೆಯದಿದ್ದರೂ ಪರವಾಗಿಲ್ಲ.

ಮಗಳು


ಜುಲೈ 30

ಮಗಳೇ,

ಒಡೆದೆ. ಒಡೆಯುವುದಿಲ್ಲ ಎಂದವಳೇ ಅಂಚೆಯವನ ಕೈಯಿಂದ ಕಿತ್ತುಕೊಂಡು ಬೀದಿಯಲ್ಲೇ ಒಡೆದೆ. ನಗಬೇಡ.

ಹಣ್ಣು ಬಂತು. ಸಿಪ್ಪೆ ಸ್ವಲ್ಪ ಸುಕ್ಕಾಗಿದೆ, ಅದೇ ಸರಿಯಾದ ಹದ. ಜರಡಿಯ ಮೇಲೆ ಉಜ್ಜಿ ಶರಬತ್ತು ಮಾಡಿದೆ. ಇವರು ಒಂದು ಲೋಟ ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಮೂಗು ಒರೆಸಿಕೊಂಡು ಗಾಡಿ ತೊಳೆಯಲು ಹೋದರು. ಈಗಾಗಲೇ ಫಳಫಳ ಅನ್ನುತ್ತಿದ್ದ ಗಾಡಿ. ಅಮ್ಮನ ಗಂಡ ಎಂಬ ಮಾತನ್ನು ನಾನು ಓದಿ ಹೇಳಿದ್ದೆ. ಎರಡು ಸಲ ಓದಿಸಿದರು.

ಮೊದಲು ಹೇಳಬೇಕಿತ್ತು ಎಂದಿದ್ದೀಯ. ಇಷ್ಟು ವರ್ಷಕ್ಕೆ ಸರಿಯಾಗಿ ಒಂದು ಬೈಗುಳ ಬೈದೆ. ಅದರ ಜಗಳ ಕಾಗದದಲ್ಲಿ ಮುಗಿಯುವಂಥದ್ದಲ್ಲ. ಮುಖಾಮುಖಿ ಆಗಬೇಕು, ಪಾತ್ರೆ ಪಗಡೆ ಎರಡು ಬೀಳಬೇಕು.

ಆದರೆ ನನ್ನ ಸಿಟ್ಟು ಇಳಿಯಿತು ಎಂದು ನೀನು ತಿಳಿದುಕೊಂಡಿದ್ದರೆ ಅದು ನಿನ್ನ ಭ್ರಮೆ. ಹಣ್ಣನ್ನು ಕಳಿಸಿದೆ, ನೀನು ಬರಲಿಲ್ಲ. ಟೀಚರಿಗೆ ಹೇಳಿದೆ ನಾನು ಬದುಕಿದ್ದೇನೆ ಎಂದು. ಅಂಗಡಿಯಲ್ಲಿದ್ದ ನಾಲ್ಕು ಜನಕ್ಕೆ ಹೇಳಿದೆ, ಬಾಟಲಿ ತುಂಬುವವರಿಗೆ ಹೇಳಿದೆ. ನನ್ನ ಗುರುತೇ ಇಲ್ಲದವರಿಗೆಲ್ಲ ಹೇಳಿದ್ದೀಯ. ನನಗೆ ಇನ್ನೂ ಹೇಳಿಲ್ಲ.

ನೀನು ಈ ಬಾಗಿಲಿಗೆ ಬಂದು ಅಮ್ಮಾ ಎಂದು ಕೂಗದೆ ನನಗೆ ಹೇಗೆ ಗೊತ್ತಾಗಬೇಕು?

ಅಮ್ಮ